ಅಡ್ಡ ಎಳೆಗಳು

ನನಗೆ ಆಗ ಹದಿನೈದು. ನಾನು ಹಾಕಿದ ಕಸೂತಿಯ ಗೋಪುರಗಳೆಲ್ಲ ಒಂದು ಮಗ್ಗುಲಿಗೆ ಗಿಡ್ಡವಾಗುತ್ತಿದ್ದವು. ನಮ್ಮ ಧಾರವಾಡದ ಕಡೆ ಕಸೂತಿಗೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ. ಸೀರೆಯ ಎಳೆ ಎಣಿಸುತ್ತ ಸೂಜಿ ಹಾಕಬೇಕು. ನೆಟ್ಟನೆಯ ಎಳೆಗಳು ನನಗೆ ಒಂದೊಂದಾಗಿ ಕಾಣುತ್ತಿದ್ದವು. ಅಡ್ಡ ಎಳೆಗಳು ಮಾತ್ರ ಕಲಸಿದ ಹಿಟ್ಟು. ಕತ್ತು ಓರೆ ಮಾಡಿದರೆ ಸ್ವಲ್ಪ ತಿಳಿಯಾಗುತ್ತಿತ್ತು, ಆದರೆ ಅಜ್ಜಿ ಬಿಡಬೇಕಲ್ಲ!

“ಕತ್ತು ನೆಟ್ಟಗ ಇಡು. ಮುಂದಿನ ತಿಂಗಳ ನಿನ್ನ ನೋಡಾಕ ಬರಾವ್ರದಾರ. ಇಂಥಾ ಗೋಪುರ ನೋಡಿದ್ರ ಬಾಗಲದಾಗಿಂದನ ತಿರುಗಿ ಹೋಗ್ತಾರ.”

ನನ್ನ ಓರೆ ಕತ್ತು ನೋಡಿದ ಅಪ್ಪ ಬೆಳಗಿನ ರೈಲಿಗೆ ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ದರು. ಅಲ್ಲಿ ಗೋಡೆಯ ಮೇಲೆ ಚಕ್ಕಡಿ ಗಾಲಿಯ ಅರಗಳಂತೆ ಗೆರೆ ಬರೆದ ಹಾಳೆ.

“ಅಡ್ಡ ಗೆರಿ ಬರಿಯೂ ಮುಂದ ಶಾಯಿ ತೀರಿತ್ತೇನ್ರಿ?” ಎಂದೆ.

ಡಾಕ್ಟರರು ನಕ್ಕರು. ಗೆರೆಗಳೆಲ್ಲ ಒಂದೇ ಕಪ್ಪಂತೆ. ನನ್ನ ಕಣ್ಣಿನ ಮುಂಭಾಗವೇ ಚೆಂಡಿನಂತೆ ಗುಂಡಗಿರದೆ ಮೊಟ್ಟೆಯಂತೆ ಒಂದು ಕಡೆ ಒತ್ತಿಕೊಂಡಿದೆಯಂತೆ. ಅದಕ್ಕೇ ಒಂದು ದಿಕ್ಕಿನ ಗೆರೆ ತಿಳಿ, ಇನ್ನೊಂದು ಮಬ್ಬು.

ಕನ್ನಡಕ ಬಂತು. ಗೋಪುರ ನೆಟ್ಟಗಾಯಿತು, ಅಜ್ಜಿಯ ಮುಖ ಸೊಟ್ಟಗಾಯಿತು. “ಕನ್ನಡಕದ ಹುಡುಗೀನ ಯಾರ ಮಾಡ್ಕೋತಾರ? ಬಂದಾವ್ರ ಮುಂದ ಹಾಕ್ಕೊಂಡೀ ಅಂದ್ರ ನೋಡು!”

ಬಂದರು. ಹುಡುಗನ ತಾಯಿ ನಾನು ಕಸೂತಿ ಹಾಕಿದ ಸೀರೆಯ ಸೆರಗು ತಿರುವಿ ಹಿಂಬದಿ ನೋಡಿದರು. ಎಲ್ಲೂ ಗಂಟಿಲ್ಲ, ಎರಡೂ ಮಗ್ಗುಲು ಒಂದೇ ಸಮ. ಅದೇ ಅವರಿಗೆ ಸಂಶಯಕ್ಕೆ ಸಾಕಾಯಿತು.

“ಖರೇನ ನೀನ ಹಾಕೀಯೇನ? ನಮ್ಮ ಮುಂದ ಒಂದು ಗೋಪುರ ಹಾಕು, ನೋಡೂಣು.”

ನನಗೆ ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಕನ್ನಡಕ ಹಾಕಿಕೊಂಡೇ ಬಂದು ಕುಳಿತೆ. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಗೋಪುರ ಒಂದೆಳೆ ತಪ್ಪಲಿಲ್ಲ.

“ಕೈ ಛಲೋ ಐತಿ. ಆದ್ರ ಕಣ್ಣಿಲ್ಲದ ಸೊಸಿ ನಮಗ ಬ್ಯಾಡ್ರಿ” ಎಂದರು ಆಕೆ.

ಅಜ್ಜಿ ಥಟ್ಟನೆ ಕಣ್ಣು ತೆರೆದಳು. “ಕಣ್ಣಿಲ್ಲದಾಕಿ ಇಂಥಾ ಗೋಪುರ ಹಾಕ್ತಾಳೇನ್ರಿ? ಚಹಾ ಆರಾಕತ್ತೇತಿ, ಕುಡುದು ಹೊಂಡ್ರಿ.”

ಅವರು ಹೋದ ಮೇಲೆ ನಾನು ಅತ್ತೆ. ಅಜ್ಜಿ ನನ್ನ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ತಾನೇ ನನ್ನ ಮೂಗಿನ ಮೇಲೆ ಕೂರಿಸಿದಳು. ಈ ಗಾಜು ಸ್ವಲ್ಪ ಓರೆಯಾದರೂ ಎಲ್ಲ ಮಬ್ಬೇ. ಆಕೆ ಪೂರ್ತಿ ಓರೆಯಾಗಿ ಕೂರಿಸಿದ್ದಳು. ಸರಿಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.