ಹಾಲಿಲ್ಲದ ನಾಲ್ಕು ದಿನ

ಮೊನ್ನೆ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಹುಳಿ ವಾಸನೆ ಬಂತು. ಸೊಸೆ ದೋಸೆಗೆಂದು ಕಲಸಿಟ್ಟ ಜೋಳದ ಹಿಟ್ಟು, ಬಾಜು ಮನೆಯ ಮದುವೆ ತಯಾರಿಯ ಓಡಾಟದಲ್ಲಿ ಮೂರು ದಿನ ಮರೆತುಹೋಗಿ, ಬೋಗಾಣಿಯ ತುಂಬ ಗುಳ್ಳೆ ಎದ್ದಿತ್ತು. “ಕೆಟ್ಟ ಹೋತ್ರಿ ಅತ್ತಿ, ಎಮ್ಮಿಗೆ ಹಾಕತೀನಿ,” ಎಂದು ಅವಳು ಎತ್ತಿಕೊಂಡಳು. “ತಡಿ ಬೇ, ಅಲ್ಲೇ ಇಡು,” ಎಂದೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಅದೇ ಹುಳಿಯನ್ನು ಬೇಕೆಂದೇ ಬರಿಸಿ, ಮುಚ್ಚಳ ತೆಗೆದು ಮೂಸಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದವಳೊಬ್ಬಳು ಒಂದು ಕಾಲಕ್ಕೆ ಇದೇ ಮನೆಯಲ್ಲಿದ್ದಳು...

ಎಂಬತ್ನಾಲ್ಕನೆಯ ಇಸವಿ. ನಾನು ಈ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಧಾರವಾಡದಿಂದ ಒಬ್ಬ ಪ್ರೊಫೆಸರು ಜೀಪಿನಲ್ಲಿ ಬಂದರು. ನವಲಗುಂದದ ಹಾದಿಗೆ ಹತ್ತಿರುವ ನಮ್ಮ ಎರೆ ಹೊಲದಲ್ಲಿ ಅರ್ಧ ಎಕರೆಯನ್ನು ಬಿಳಿಜೋಳದ ಪರೀಕ್ಷೆಗೆ ಕೇಳಿದರು. ಪರೀಕ್ಷೆ ಮಾಡುವ ವಿದ್ಯಾರ್ಥಿನಿಗೆ ಸುಗ್ಗಿಯ ತನಕ ಇರಲು ಒಂದು ಕೋಣೆಯೂ ಬೇಕಾಗಿತ್ತು. ಯಜಮಾನರು ಹೂಂ ಎಂದರು. ಜೀಪಿನ ಹಿಂಬದಿಯಿಂದ ಇಳಿದವಳು ನನ್ನದೇ ವಾರಿಗೆಯವಳು. ಎತ್ತರದ ಹೆಣ್ಣು, ಎಣ್ಣೆಗಪ್ಪು ಬಣ್ಣ, ತಲೆತುಂಬ ಸಣ್ಣ ಸಣ್ಣ ಹೆರಳು. ಇಥಿಯೋಪಿಯಾ ಎಂಬ ದೇಶದಿಂದ ಓದಲಿಕ್ಕೆ ಸಮುದ್ರ ದಾಟಿ ಬಂದಿದ್ದಳು. ಅವಳ ದೇಶದಲ್ಲಿಯೂ ಜೋಳವೇ ಊಟವಂತೆ. ದಿನಾ ಟೇಪು ಹಿಡಿದು ಒಂದೊಂದು ದಂಟನ್ನು ಅಳೆಯುತ್ತಿದ್ದುದರಿಂದ ಊರಿನ ಹುಡುಗರು ಅವಳಿಗೆ ಜೋಳದಕ್ಕ ಎಂದು ಹೆಸರಿಟ್ಟರು. ನಮಗೂ ಅದೇ ಬಾಯಿಗೆ ಹತ್ತಿತು.

ಕನ್ನಡ ಬೇಗ ಕಲಿತಳು. ಮಾತಿಗೊಂದು ‘ರಿ’ ಹಚ್ಚಿದರೆ ಮರ್ಯಾದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಎಮ್ಮೆ ಅಡ್ಡ ನಿಂತರೆ ಅದಕ್ಕೂ “ಸರೀರಿ, ಸರೀರಿ” ಎನ್ನುತ್ತಿದ್ದಳು. “ಈ ಎಮ್ಮಿಗೆ ಇಷ್ಟ ಮರ್ಯಾದಿ ಯಾರೂ ಕೊಟ್ಟಿದ್ದಿಲ್ಲವಾ,” ಎಂದು ನಮ್ಮ ಅತ್ತೆ ನಗುತ್ತಿದ್ದರು. ನನ್ನನ್ನು ಅಣ್ಣನ ಹೆಂಡತಿಯ ಹಾಗೆ ವೈನಿ ಎಂದಳು, ಅತ್ತೆಯನ್ನು ದೊಡ್ಡವ್ವ ಎಂದಳು.

ನವೆಂಬರ್ ಮುಗಿಯುತ್ತ ಬಂದಾಗ ಒಂದು ಸಂಜೆ, ನಾಳೆಯಿಂದ ನಲವತ್ಮೂರು ದಿನ ಉಪವಾಸ ಎಂದು ಹೇಳಿದಳು. ಏಸುವಿನ ಹುಟ್ಟುಹಬ್ಬ ಅವರಲ್ಲಿ ಜನವರಿ ಏಳಕ್ಕೆ. ಅಲ್ಲಿಯವರೆಗೆ ದಿನಕ್ಕೊಂದೇ ಊಟ, ಅದೂ ಮಧ್ಯಾಹ್ನ ಇಳಿದ ಮೇಲೆ. ವ್ರತ, ಸೋಮವಾರ ಎಂದರೆ ಅತ್ತೆಗೆ ಜೀವ. ಮರುದಿನ ತಾವೇ ನಿಂತು ಸಾಬೂದಾನಿ ಖಿಚಡಿ ಮಾಡಿಸಿದರು, ಎರಡು ಬಾಳೆಹಣ್ಣು, ಒಂದು ತಂಬಿಗೆ ಕಾಸಿದ ಹಾಲು ಮುಂದಿಟ್ಟರು. ಅವಳು ಕೈ ಮುಗಿದಳು.

“ಹಾಲ ಬ್ಯಾಡ್ರಿ ದೊಡ್ಡವ್ವ. ರೊಟ್ಟಿ ಕೊಡ್ರಿ.”

ಅವರ ಉಪವಾಸದಲ್ಲಿ ರೊಟ್ಟಿ, ಪಲ್ಯ, ಬೇಳೆ ಎಲ್ಲ ನಡೆಯುತ್ತದೆ. ಹಾಲು, ಮೊಸರು, ಬೆಣ್ಣೆ, ತುಪ್ಪ ನಡೆಯುವುದಿಲ್ಲ. ಅತ್ತೆ ಒಳಗೆ ಬಂದು ನನ್ನ ಕಿವಿಯಲ್ಲಿ, “ರೊಟ್ಟಿ ತಿಂದ್ರ ಉಪವಾಸಂತ, ಹಾಲ ಕುಡದ್ರ ಕೆಡತದಂತ. ಇದ್ಯಾ ಸೀಮಿ ಉಪವಾಸ ಬೇ,” ಎಂದರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ, ಹಾಲಿನಿಂದ ಉಪವಾಸ ಕೆಡುತ್ತದೆ ಎಂಬ ಮಾತು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಹುಟ್ಟಿದಂದಿನಿಂದ ದೇವರಿಗೆ ಹಾಲೆರೆದು ಬೆಳೆದವಳು ನಾನು. ಅದು ಮೈಲಿಗೆ ಹೇಗಾದೀತು?

ಡಿಸೆಂಬರಿನಲ್ಲಿ ಅವಳಿಗೆ ಜ್ವರ ಬಂತು. ಚಳಿಗೆ ಹೊಲದಲ್ಲಿ ನಿಂತು ನಿಂತು ಬಂದ ಜ್ವರ. ಗಲ್ಲದ ಎಲುಬು ಎದ್ದು ಕಾಣುತ್ತಿತ್ತು. ಇಷ್ಟು ದೂರದ ಕೂಸು ನಮ್ಮ ಮನೆಯಲ್ಲಿ ಸೊರಗಿ ಹೋದರೆ ಶಿವ ಮೆಚ್ಚುತ್ತಾನೆಯೇ ಎಂದುಕೊಂಡೆ. ಬಿಸಿ ಬೇಳೆಯಲ್ಲಿ ನೆಲ್ಲಿಕಾಯಿಯಷ್ಟು ಬೆಣ್ಣೆ ಹಾಕಿ, ಕರಗಿದ ಮೇಲೆ ಅವಳ ಮುಂದಿಟ್ಟೆ. “ಇವತ್ತ ಭಾಳ ರುಚಿ ಆಗೇದರಿ ವೈನಿ,” ಎಂದಳು. ಮರುದಿನವೂ ಹಾಕಿದೆ. ಹೀಗೆ ನಾಲ್ಕು ದಿನ. ಜ್ವರ ಬಿಟ್ಟಿತು. ನನ್ನ ಬೆಣ್ಣೆಯೇ ಬಿಡಿಸಿತು ಎಂದು ನನಗೊಳಗೊಳಗೇ ಹಿಗ್ಗು.

ಅದಾಗಿ ವಾರಕ್ಕೆ ಎಳ್ಳ ಅಮಾವಾಸ್ಯೆ. ಚಕ್ಕಡಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ನಿಂತ ಜೋಳಕ್ಕೆ ಪೂಜೆ ಮಾಡಿ, ಭೂಮಿತಾಯಿಗೆ ಮೊದಲ ತುತ್ತೆಂದು ಹೊಲದ ಸುತ್ತ ಅಡುಗೆಯನ್ನು ಚೆಲ್ಲುತ್ತ ಬರುವುದು ನಮ್ಮಲ್ಲಿಯ ಪದ್ಧತಿ. ಅದಕ್ಕೆ ಚರಗ ಎನ್ನುತ್ತೇವೆ. ಜೋಳದಕ್ಕ ಬುಟ್ಟಿ ಹೊತ್ತು ಯಜಮಾನರ ಹಿಂದೆ ನಾಲ್ಕೂ ಬದಿ ಸುತ್ತಿ ಬಂದಳು. ನೆಲಕ್ಕೂ ಊಟ ಹಾಕುವ ಜನ ನೀವು ಎಂದು ಕಣ್ಣು ತುಂಬಿಕೊಂಡಳು. ಮಧ್ಯಾಹ್ನ ಇಳಿದ ಮೇಲೆ ಬದುವಿನ ಮೇಲೆ ಊಟಕ್ಕೆ ಕುಳಿತೆವು. ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಅವಳು ಎರಡನೆಯ ಹೋಳಿಗೆ ಮುರಿದು, ಎಷ್ಟು ಮೆತ್ತಗಿದೆ ಎಂದು ಹೊಗಳಿದಳು. ಅತ್ತೆಗೆ ಹೆಮ್ಮೆ ತಡೆಯಲಿಲ್ಲ.

“ಮೆತ್ತಗ ಆಗದ ಏನವಾ. ನಮ್ಮ ಸೊಸಿ ಕಣಕಕ್ಕ ತುಪ್ಪಾ ಹಾಕಿ ನಾದ್ಯಾಳ.”

ಅವಳ ಕೈ ನಿಂತಿತು. “ತುಪ್ಪರೀ?” ಎಂದು ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಹೋಳಿಗೆಯನ್ನು ಎಲೆಯ ಬದಿಗೆ ಮೆಲ್ಲಗೆ ಇಟ್ಟು, ಎದ್ದು ಜೋಳದ ಸಾಲಿನೊಳಗೆ ಹೋದಳು. ಹಿಂದೆಯೇ ಹೋದೆ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

“ನಮ್ಮವ್ವನೂ ಅಲ್ಲಿ ಇದ ಉಪವಾಸ ಹಿಡದಿರತಾಳ್ರಿ,” ಎಂದಳು. “ಐದ ತಿಂಗಳಾತು, ಕಾಗದಿಲ್ಲ. ಅಕೀ ಅದಾಳೋ ಇಲ್ಲೋ... ಇದನ್ನ ಪೂರಾ ಮಾಡಿದ್ರ ಅಕೀ ಬಾಜೂಕ ಕುಂತಂಗ ಆಗತದರಿ ನನಗ. ಅಷ್ಟ.”

ಅವರ ದೇಶದಲ್ಲಿ ಬರ ಬಿದ್ದು ಜನ ಸಾಯುತ್ತಿದ್ದುದನ್ನು ನಾವು ರೇಡಿಯೋದಲ್ಲಿ ಕೇಳಿದ್ದೆವು. ಅವಳ ಮುಂದೆ ಆ ಮಾತು ಎತ್ತಬಾರದು ಎಂದು ಮನೆಯಲ್ಲಿ ಎಲ್ಲರಿಗೂ ತಾಕೀತು ಮಾಡಿದವಳು ನಾನೇ. ಆದರೆ ಅವಳ ಉಪವಾಸಕ್ಕೂ ಆ ತಾಯಿಗೂ ಹೀಗೊಂದು ದಾರ ಇದೆಯೆಂದು ಹೊಳೆದಿರಲಿಲ್ಲ.

“ಇದೊಂದ ಸಲಾ ಹೌದಲ್ರಿ ವೈನಿ?” ಎಂದು ಕೇಳಿದಳು.

“ಹೂಂ,” ಎಂದೆ. “ಇದೊಂದ ಸಲಾ.”

ಸುಳ್ಳು ಅಷ್ಟು ಸಲೀಸಾಗಿ ಬಂದುದಕ್ಕೆ ನನಗೇ ದಿಗಿಲಾಯಿತು. ಹಾಗಾದರೆ ಹಬ್ಬ ಮುಗಿದ ಮೇಲೆ ಒಂದು ದಿನ ಹೆಚ್ಚಿಗೆ ಮಾಡುತ್ತೇನೆ, ಸರಿಹೋಗುತ್ತದೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಮನೆಗೆ ಬಂದವಳೇ ದೇವರ ಮುಂದೆ ದೀಪ ಹಚ್ಚಿ ನಿಶ್ಚಯ ಮಾಡಿದೆ. ಅವಳ ಹಬ್ಬದ ತನಕ ನಾನೂ ಹಾಲು ಮುಟ್ಟುವುದಿಲ್ಲ. ಇನ್ನೂ ಹದಿನೈದು ದಿನ. ಯಜಮಾನರು ಚೇಷ್ಟೆ ಮಾಡಿದರು: “ಮನ್ಯಾಗ ಎರಡ ಎಮ್ಮಿ ಕಟ್ಟೀನಿ, ಇಕೀ ಕರೀ ಚಹಾ ಕುಡೀತಾಳ. ಊರಾಗ ನನ್ನ ಮಾರಿ ತೋರಸೂದ ಹ್ಯಾಂಗ?” ಮಜ್ಜಿಗೆ ಕಡೆದು, ಬೆಣ್ಣೆ ತೆಗೆದು, ಬೆರಳು ನೆಕ್ಕದೆ ತೊಳೆದುಕೊಳ್ಳುವುದು ಮೊದಲ ವಾರ ಕಷ್ಟವಾಯಿತು. ಹಬ್ಬಕ್ಕೆ ಮೂರು ದಿನ ಇದ್ದಾಗ ದೊಡ್ಡ ಎಮ್ಮೆ ಈಯಿತು. ಏಲಕ್ಕಿ ಬೆಲ್ಲ ಹಾಕಿ ಅತ್ತೆ ಗಿಣ್ಣ ಬೇಯಿಸಿದರು. ಗಿಣ್ಣ ಎಂದರೆ ನಾನು ಸಣ್ಣವಳಿದ್ದಾಗಿನಿಂದ ಪ್ರಾಣ ಬಿಡುವವಳು. ಬಟ್ಟಲನ್ನು ಮೂಗಿನ ಹತ್ತಿರವೇ ಹಿಡಿದರು.

“ಒಂದ ತುಣುಕ ತಿನ್ನ ಬೇ. ಅಕೀ ದೇವರ ಬ್ಯಾರೆ, ನಿನ್ನ ದೇವರ ಬ್ಯಾರೆ.”

“ಉಪವಾಸ ಒಂದ ಅಲ್ರಿ ಅತ್ತಿ,” ಎಂದೆ.

“ಹಟಮಾರಿ,” ಎಂದು ಅತ್ತೆ ಬಟ್ಟಲನ್ನು ಒಳಗೆ ಒಯ್ದರು. ಆದರೆ ಅವತ್ತಿನಿಂದ ನನ್ನ ಕರೀ ಚಹಾಕ್ಕೆ ಶುಂಠಿ ಕುಟ್ಟಿ ಹಾಕತೊಡಗಿದವರೂ ಅವರೇ.

ಹಬ್ಬದ ದಿನ ಅವಳು ಬಿಳಿ ಶಾಲು ಹೊದ್ದು, ಅದರ ಬಣ್ಣದ ಅಂಚು ತಲೆಯ ಮೇಲೆ ಎಳೆದುಕೊಂಡು ಅಂಗಳದಲ್ಲಿ ಮೂಡಲಿಗೆ ಮುಖ ಮಾಡಿ ನಿಂತಳು. ಬಹಳ ಹೊತ್ತು ಪ್ರಾರ್ಥನೆ ಮಾಡಿದಳು. ಆಮೇಲೆ ಮೂರು ದಿನ ಹುಳಿ ಬರಿಸಿದ ಜೋಳದ ಹಿಟ್ಟನ್ನು ಕಾವಲಿಯ ಮೇಲೆ ಹೊಯ್ದು, ಮೈತುಂಬ ಕಣ್ಣು ಬಿಟ್ಟ ದೊಡ್ಡ ರೊಟ್ಟಿ ಮಾಡಿದಳು. ಅವರ ಹಬ್ಬಕ್ಕೆ ಕೋಳಿ ಆಗಬೇಕಂತೆ. ನಮ್ಮ ಮನೆಯಲ್ಲಿ ಅದು ಆಗದ ಮಾತು, ಅವಳು ಕೇಳಲೂ ಇಲ್ಲ. ಖಾರದ ಬೇಳೆ, ಬದನೆಕಾಯಿ, ಅವಳ ಪಾಲಿಗೆಂದು ಎತ್ತಿಟ್ಟ ಒಂದು ಬಟ್ಟಲು ಬೆಣ್ಣೆ. ಎಲ್ಲರೂ ಒಂದೇ ತಾಟಿನ ಸುತ್ತ ಕೂರಬೇಕು, ಮೊದಲ ತುತ್ತನ್ನು ಒಬ್ಬರು ಇನ್ನೊಬ್ಬರ ಬಾಯಿಗೆ ಇಡಬೇಕು, ಅದು ಅವರ ಪದ್ಧತಿ. ನಾನು ಅತ್ತೆಯತ್ತ ನೋಡಿದೆ. ಎಂಜಲು ಎಂದರೆ ಅತ್ತೆ ಮಾರು ದೂರ ಸರಿಯುವವರು.

ಅವಳು ತುತ್ತು ಮಾಡಿ ಅತ್ತೆಯ ಮುಂದೆ ಹಿಡಿದಳು. “ಮನಿ ಬಿಟ್ಟ ಬಂದ ಮ್ಯಾಲ ಇದ ನನ್ನ ಮೊದಲನೇ ಹಬ್ಬರೀ ದೊಡ್ಡವ್ವ. ಅಲ್ಲಿದ್ರ ಈ ತುತ್ತ ನಮ್ಮವ್ವಗ ಕೊಡತಿದ್ದೆ.”

ಅತ್ತೆ ಬಾಯಿ ತೆರೆದರು. ನುಂಗಿ, ಕಣ್ಣೊರೆಸಿಕೊಂಡು, “ಖಾರ ಮುಂದಾಗೇದ,” ಎಂದರು.

ಮರುದಿನ ಅವಳು ನನ್ನ ತುಪ್ಪದ ಒಂದು ದಿನವನ್ನು ಉಪವಾಸ ಮಾಡಿ ಮುಗಿಸಿದಳು. ಅದರ ಮರುದಿನದಿಂದ ನಾನು ನನ್ನ ಬೆಣ್ಣೆಯ ನಾಲ್ಕು ದಿನಗಳನ್ನು ಹಿಡಿದೆ, ಅವಳಿಗೆ ಗೊತ್ತಾಗದ ಹಾಗೆ.

ಸುಗ್ಗಿಯ ಹೊತ್ತಿಗೆ ಕಾಗದ ಬಂತು. ಧಾರವಾಡಕ್ಕೆ ಹೋಗಿ, ಅಲ್ಲಿಂದ ತಿರುಗಿ ನಮ್ಮೂರಿಗೆ ಬಂದ ಕಾಗದ. ತಾಯಿ ಬದುಕಿದ್ದಳು. ಜೋಳದಕ್ಕ ಕಣದಿಂದಲೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. “ಉಪವಾಸ ಪೂರಾ ಆತ್ರಿ ವೈನಿ, ಅದಕ್ಕ ದೇವರು ಉಳಸಿದಾ,” ಎಂದಳು. ಪೂರಾ ಆಗಿರಲಿಲ್ಲ ಎಂಬುದು ಇಡೀ ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೇಳಲು ಬಾಯಿ ತೆರೆದೆ... ಆ ಸಂತೋಷದ ಮುಖ ನೋಡಿ ಮುಚ್ಚಿಕೊಂಡೆ. ತಿಂಗಳಲ್ಲಿ ಒಂದು ಚೀಲ ಬಿಳಿಜೋಳದ ತೆನೆ ಕಟ್ಟಿಕೊಂಡು ಹೊರಟಳು. ಚೀಲ ಹೊತ್ತ ಚಕ್ಕಡಿ ಸಾಗುವಾಗ ಎತ್ತುಗಳಿಗೂ “ಬರತೀನ್ರಿ” ಎಂದಳು. ತನ್ನ ದೇಶಕ್ಕೆ ತಿರುಗಿ ಹೋದ ಮೇಲೆ ಅಲ್ಲಿಂದ ಎರಡು ಕಾಗದ ಬಂದವು. ಆಮೇಲೆ ಬರಲಿಲ್ಲ. ನಾವು ಬರೆದದ್ದು ಒಂದು ತಿರುಗಿ ಬಂತು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಜೋಳದಕ್ಕ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಅವಳು ತನ್ನ ತಾಯಿಯ ಬಗ್ಗೆ ಆಡಿದ ಮಾತನ್ನೇ ಈಗ ನಾನು ಅವಳ ಬಗ್ಗೆ ಆಡುತ್ತೇನೆ.

ಬೆಣ್ಣೆ ಬಿದ್ದ ಉಪವಾಸವನ್ನೂ ಶಿವ ಒಪ್ಪಿಕೊಂಡ, ಒಂದು ತಾಯಿಯನ್ನು ಉಳಿಸಿದ. ಅವನ ದೊಡ್ಡತನಕ್ಕೆ ಇಂದಿಗೂ ಕೈ ಮುಗಿಯುತ್ತೇನೆ. ಆದರೆ ಒಪ್ಪಿಕೊಳ್ಳಬೇಕಾದವಳು ಅವಳೂ ಇದ್ದಳಲ್ಲ. ಅವಳಿಗೆ ಹೇಳಲಿಲ್ಲ. ಅದಕ್ಕೇ ಪ್ರತಿ ವರ್ಷ ಎಳ್ಳ ಅಮಾವಾಸ್ಯೆ ಕಳೆದ ಮೇಲೆ ನಾಲ್ಕು ದಿನ ಹಾಲು ಬಿಡುತ್ತೇನೆ. ಒಂದು ವರ್ಷವೂ ತಪ್ಪಿಸಿಲ್ಲ, ಬಾಣಂತಿಯಿದ್ದಾಗಲೂ.

ಮೊನ್ನೆ ಆ ಹಿಟ್ಟನ್ನು ಚೆಲ್ಲಲು ಬಿಡಲಿಲ್ಲ. ಕಾವಲಿ ಕಾಯಿಸಿ ಹೊಯ್ದೆ. ಜೋಳದಕ್ಕನ ರೊಟ್ಟಿಯಂತೆ ಕಣ್ಣು ಬಿಡಲಿಲ್ಲ, ಅಂಚು ಹರಿಯಿತು. ಮೊದಲ ತುತ್ತು ಸೊಸೆಯ ಬಾಯಿಗೆ ಇಟ್ಟೆ. “ಹುಳಿ ಮುಂದಾಗೇದರಿ ಅತ್ತಿ, ಒಂಚೂರು ತುಪ್ಪಾ ಹಾಕೂಣೇನ್ರಿ?” ಎಂದಳು.

“ನಿನಗ ಹಾಕ್ಕೋ,” ಎಂದೆ. “ನನಗ ಇನ್ನೂ ಎರಡ ದಿನ ಅದಾವ.”