ಗೌರಿಯ ಜ್ವರ, ಸಾಲಿಯ ಕೀಲಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಕೊತ್ತಂಬರಿ ಬೀಜ ಕುದಿಯುವ ವಾಸನೆ ಬಂತು. ಅವರ ಮೊಮ್ಮಗಳಿಗೆ ಜ್ವರವಂತೆ, ಮೂತ್ರ ಉರಿಯಂತೆ. ನನಗೆ ತೊಂಬತ್ತರ ದಶಕದ ನಮ್ಮ ಬೈಲಹೊಂಗಲದ ಮನೆ ನೆನಪಾಯಿತು ನೋಡಿ. ಆ ಮನೆಯಲ್ಲಿ ಯಾವ ರೋಗಕ್ಕೂ ಒಂದೇ ಹೆಸರು: ಉಷ್ಣ.

ಆಗ ಒಂದನೇ ಇಯತ್ತೆಯಲ್ಲಿದ್ದ ಮಗಳು ಗೌರಿಗೆ ಮೇಲಿಂದ ಮೇಲೆ ಜ್ವರ. ಒಂದಕ್ಕೆ ಹೋಗುವಾಗ ಉರಿ ಎಂದು ಅಳುತ್ತಿದ್ದಳು. ನನ್ನತ್ತೆಯ ತವರು ರಾಮದುರ್ಗ. ಅಲ್ಲಿಯ ಪದ್ಧತಿಯಂತೆ ಹೊಕ್ಕುಳಿಗೆ ಔಡಲೆಣ್ಣೆ ಹಚ್ಚಿದರು. ಸವದತ್ತಿಯಿಂದ ಬಂದ ನಾದಿನಿ ದೃಷ್ಟಿ ತೆಗೆದಳು. ನನ್ನ ಗಂಡ ಔಷಧದ ಅಂಗಡಿಯವನನ್ನೇ ಕೇಳಿ ಗುಲಾಬಿ ಬಣ್ಣದ ಔಷಧ ತಂದರು. ಜ್ವರ ಇಳಿದ ಕೂಡಲೇ ಅದನ್ನು ಮುಂದಿನ ಜ್ವರಕ್ಕೆಂದು ಕಪಾಟಿಗೆ ಸೇರಿಸಿದರು. ಮುಂದಿನ ಜ್ವರ ಅವರ ಮಾತು ಉಳಿಸಿತು.

ಕೊನೆಗೆ ಮಗು ನಡುಗಿ ವಾಂತಿ ಮಾಡಿಕೊಂಡಾಗ ಡಾಕ್ಟರಮ್ಮನ ಬಳಿ ಒಯ್ದೆವು. ಔಷಧಕ್ಕಿಂತ ಮೊದಲು ಉಚ್ಚೆ ಪರೀಕ್ಷೆ ಎಂದರು. ಆ ಶಬ್ದವನ್ನು ನಮ್ಮ ಪಡಸಾಲೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅವರು ಕೊಟ್ಟ ಶೀಶೆಯನ್ನು ತುಂಬಿಸಿ, ರೇಶಿಮೆ ಕರವಸ್ತ್ರದಲ್ಲಿ ಸುತ್ತಿ ಪ್ರಯೋಗಶಾಲೆಗೆ ಒಯ್ದೆ. ದಾರಿಯಲ್ಲಿ ಪರಿಚಯದವರೊಬ್ಬರು ಪ್ರಸಾದವೆಂದುಕೊಂಡು ಕೈ ಮುಗಿದರು.

ಸೋಂಕು ನಿಜವಾಗಿತ್ತು. ಅದು ಯಾವ ಔಷಧಕ್ಕೆ ಜಗ್ಗುತ್ತದೆಂಬುದೂ ಪರೀಕ್ಷೆಯಲ್ಲಿ ತಿಳಿಯಿತು. ಡಾಕ್ಟರಮ್ಮ ಹೇಳಿದರು: "ಜ್ವರ ಇಳೀತಂತ ಔಷಧ ನಿಲ್ಲಸಬ್ಯಾಡ್ರಿ. ಅರ್ಧಕ್ಕ ಬಿಟ್ರ ಮತ್ತ ಬರತೈತಿ. ಹಿಂಗ ಬರಕೋತ ಹೋದ್ರ ಮೂತ್ರಪಿಂಡ ಕೆಡತಾವು." ಆಮೇಲೆ ಗೌರಿಯನ್ನು, ನೀರು ಕುಡಿಯುತ್ತೀಯಾ ಎಂದು ಕೇಳಿದರು.

"ಇಲ್ರಿ. ಸಾಲ್ಯಾಗ ಸಂಡಾಸಕ್ಕ ಕೀಲಿ ಐತಿ. ನೀರ ಕುಡದ್ರ ಒಂದಕ್ಕ ಬರತೈತಿ."

ಸಾಹೇಬರು ತಪಾಸಣೆಗೆ ಬಂದಾಗ ಸ್ವಚ್ಛವಾಗಿ ಕಾಣಲೆಂದು ಹೆಡ್‌ಮಾಸ್ತರರು ಹಾಕಿಸಿದ ಕೀಲಿ ಅದು. ಸಂಡಾಸಿನ ಆರೋಗ್ಯ ಉತ್ತಮವಾಗಿತ್ತು, ಮಕ್ಕಳದ್ದು ಮಾತ್ರ ಕೆಟ್ಟಿತ್ತು.

ಮನೆಗೆ ಬಂದು ಕೀಲಿಯ ಸಂಗತಿ ಅತ್ತೆಗೆ ಹೇಳಿದೆ. ಮರುದಿನ ಅವರು ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಲೆತುಂಬ ಸೆರಗು ಹೊದ್ದು, ನನ್ನನ್ನೂ ಕರೆದುಕೊಂಡು, ಶಾಲೆಯ ಅಂಗಳದಲ್ಲಿ ನಿಂತರು.

"ಮಾಸ್ತರ, ಹುಡುಗ್ಯಾರು ಉಚ್ಚಿ ಎಲ್ಲಿ ಹೊಯ್ಯಬೇಕ್ರಿ? ಕೀಲಿ ತಗೀರಿ. ಅಲ್ಲೀತನಕ ನಾ ಇಲ್ಲೇ ಕುಂದರತೇನಿ."

ಹೆಡ್‌ಮಾಸ್ತರರು ನಿಯಮ ವಿವರಿಸಿದರು. ಅತ್ತೆ ಕುಳಿತೇಬಿಟ್ಟರು. ಕೊನೆಗೆ ಮಾಸ್ತರರು ಕೀಲಿ ತೆಗೆಸಿದ್ದೇ ತಡ, ಹುಡುಗಿಯರು ಓಡಿಬಂದು ಸಾಲು ನಿಂತರು. ಇಷ್ಟು ಮಕ್ಕಳು ತಡೆದುಕೊಂಡಿದ್ದರೇ ಎಂದು ನನಗೆ ಅಳು ಬಂತು.

ಡಾಕ್ಟರಮ್ಮ ಹೇಳಿದಷ್ಟೂ ದಿನ ಅತ್ತೆಯೇ ಎದುರು ಕೂತು ಔಷಧ ಕುಡಿಸಿದರು, ಅದು ತಂಪಿನ ಔಷಧವೆಂದು ತಾವೇ ತೀರ್ಮಾನಿಸಿ. ಗೌರಿಗೆ ಆ ಕಾಯಿಲೆ ಮತ್ತೆ ಬರಲಿಲ್ಲ.

ಬೇರೆಯವರ ಮನೆಯ ವಿಷಯ ನಮಗೇಕೆ ಎನ್ನುವವಳು ನಾನು. ಇವತ್ತು ಮಾತ್ರ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಬರೇ ಉಷ್ಣ ಎಂದರು ಅಜ್ಜ. ಇರಬಹುದು, ಡಾಕ್ಟರೇ ಹಾಗೆ ಹೇಳಲಿ ಎಂದು ಮಗುವನ್ನು ಎತ್ತಿಕೊಂಡೆ. ಅವರು ವಾದ ಹೂಡುವಷ್ಟರಲ್ಲಿ ಅದರ ತಾಯಿ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದಳು.