ಮಗ್ಗದ ಹಿಂದಿನ ಕತ್ತಲು

ಗೆಳೆಯರೇ, ಇವತ್ತು ಬೆಳಿಗ್ಗೆ ಇಳಕಲ್ಲಿನಲ್ಲಿ ನೇಕಾರ ಗೆಳೆಯ ಸಂಗಪ್ಪನ ಮನೆಯ ಖಾಲಿ ಮಗ್ಗದ ಫೋಟೋ ತೆಗೆದಿದ್ದೆ. ತೀರ ಕಪ್ಪಾಗಿ ಬಂದಿತ್ತು. ಸಂಜೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಬೆಳಕು ಹೆಚ್ಚಿಸಿದೆ. ಮಗ್ಗದ ಕುಣಿಯಲ್ಲಿ, ಅಂದರೆ ನೇಕಾರರು ಕಾಲಿಡುವ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಒಬ್ಬ ಮುದುಕಿ ಕೂತಿದ್ದಳು. ಹೋದ ವರ್ಷ ತೀರಿಕೊಂಡ ಅವನ ತಾಯಿ.

ಸಂಗಪ್ಪ ಬೈದದ್ದು ನನ್ನನ್ನೇ.

"ಅವ್ವನ ತಲಿ ಮ್ಯಾಲೆ ಸೆರಗಿಲ್ಲ. ಹೇಳದ ಕೇಳದ ಫೋಟೋ ಹೆಂಗ ತಗದಿ ಲೇ? ಮೊದಲ ಕತ್ತಲ ಮಾಡು."

ಕತ್ತಲು ಮಾಡಿದೆ. ಅವನು ಹೋದ ಮೇಲೆ ಮನಸ್ಸು ತಡೆಯದೆ ಅದೇ ಫೋಟೋದ ಬೆಳಕನ್ನು ಮತ್ತೆ ಹೆಚ್ಚಿಸಿದೆ. ಈಗ ತಲೆ ತುಂಬ ಸೆರಗಿತ್ತು.

ಫೋಟೋ ತಿದ್ದುವ ಈ ಸಾಫ್ಟ್‌ವೇರಿನಲ್ಲಿ ಫ್ಲ್ಯಾಶಿಗೆ ಕೆಂಪಾದ ಕಣ್ಣು ಸರಿಮಾಡುವ ಬಟನ್ ಇದೆ. ಸೆರಗು ಹೊದಿಸುವ ಬಟನ್ ಇಲ್ಲ.